ಗೇಮಿಂಗ್ ಪಿಸಿಗೆ ಅಂಗಡಿಯವರು ಕೊಟ್ಟ ಲಿಸ್ಟ್ ಸರಿ ಉಂಟಾ? (ಬದಿಯಡ್ಕ, 90 ಸಾವಿರದ ಒಳಗೆ)

ಅಡಿಕೆಸೋಗೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಕಡೆಯವ. ಹೊಸ ಗೇಮಿಂಗ್ ಡೆಸ್ಕ್‌ಟಾಪ್ ಮಾಡಿಸಬೇಕು ಅಂತ ಉಂಟು. ಮಾನಿಟರ್, ಕೀಬೋರ್ಡ್, ಮೌಸ್ ಆಗಲೇ ಉಂಟು. ಮಾನಿಟರ್ 24 ಇಂಚಿನದು, 1080ಪಿ, 180 ಹರ್ಟ್ಸ್. ಉಳಿದದ್ದೆಲ್ಲ 90 ಸಾವಿರದೊಳಗೆ ಮುಗಿಯಬೇಕು. ಆಡುವುದು ಹೆಚ್ಚಾಗಿ ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2. ಬಿಡುವಿದ್ದಾಗ ಸೈಬರ್‌ಪಂಕ್ 2077 ತರಹದ ದೊಡ್ಡ ಗೇಮ್‌ಗಳು.

ಮಂಗಳೂರಿನ ಒಂದು ಅಂಗಡಿಯಿಂದ ಬಂದ ಲಿಸ್ಟ್:

ಪ್ರೊಸೆಸರ್ – ರೈಜೆನ್ 7 7700
ಮದರ್‌ಬೋರ್ಡ್ – ಎ620
ರ‍್ಯಾಮ್ – ಡಿಡಿಆರ್5 16 ಜಿಬಿ, ಒಂದೇ ಸ್ಟಿಕ್, 5200
ಗ್ರಾಫಿಕ್ಸ್ ಕಾರ್ಡ್ – ಆರ್‌ಟಿಎಕ್ಸ್ 3050, 6 ಜಿಬಿ
ಕೂಲರ್ – 240 ಎಂಎಂ ಲಿಕ್ವಿಡ್
ಎಸ್‌ಎಸ್‌ಡಿ 500 ಜಿಬಿ, ಜೊತೆಗೆ 1 ಟಿಬಿ ಹಾರ್ಡ್‌ಡಿಸ್ಕ್
ಎಸ್‌ಎಂಪಿಎಸ್ (ಪವರ್ ಸಪ್ಲೈ) – 850 ವ್ಯಾಟ್ (ಕಂಪನಿ ಹೆಸರು ಬರೆದಿಲ್ಲ)
ಕ್ಯಾಬಿನೆಟ್ – ಮುಂದೆ ಗಾಜು, ನಾಲ್ಕು ಆರ್‌ಜಿಬಿ ಫ್ಯಾನ್

ಇದರಲ್ಲಿ ಎಂತ ಬದಲಿಸಬೇಕು? ಇನ್ನೊಂದು, ಮನೆಯಲ್ಲಿ 900 ವಿಎ ಇನ್ವರ್ಟರ್ ಉಂಟು. ಪಿಸಿಯನ್ನು ಅದಕ್ಕೇ ಹಾಕಿದರೆ ಸಾಕಾ, ಬೇರೆ ಯುಪಿಎಸ್ ಬೇಕಾ? ಸಂಜೆ ಹೊತ್ತಿಗೆ ವೋಲ್ಟೇಜ್ 180ರ ಹತ್ತಿರ ಇಳಿಯುತ್ತದೆ.

ಪಯಸ್ವಿನಿ77:

ಲಿಸ್ಟ್ ನೋಡಲಿಕ್ಕೆ ಚಂದ, ಆಡಲಿಕ್ಕೆ ಆಗದು. ಎಂಟು ಕೋರಿನ ಪ್ರೊಸೆಸರ್, ಅದರ ಮೇಲೆ ಲಿಕ್ವಿಡ್ ಕೂಲರ್, 850 ವ್ಯಾಟ್, ಬಣ್ಣಬಣ್ಣದ ಫ್ಯಾನ್. ಚಿತ್ರ ಬಿಡಿಸಬೇಕಾದ ಕಾರ್ಡ್ ಮಾತ್ರ ಇಡೀ ಲಿಸ್ಟಿನಲ್ಲಿ ಬಡವ.

3050ರ 6 ಜಿಬಿ ಮಾದರಿ 70 ವ್ಯಾಟಿನದು. ಬೇರೆ ಪವರ್ ಕೇಬಲ್ ಬೇಡ, ಬೋರ್ಡಿನ ಸ್ಲಾಟಿನಿಂದ ಬರುವ ಕರೆಂಟೇ ಸಾಕು. ಹಳೆಯ ಆಫೀಸ್ ಪಿಸಿಗೆ ಸಿಕ್ಕಿಸಲಿಕ್ಕೆ ಅದು ಒಳ್ಳೆಯದು. ಮೆಮೊರಿ ಬಸ್ 96 ಬಿಟ್ ಮಾತ್ರ, ಅದೇ ಹೆಸರಿನ 8 ಜಿಬಿ ಕಾರ್ಡಿನದು 128. ವ್ಯಾಲೊರಂಟ್ ಓಡುತ್ತದೆ, ಸೈಬರ್‌ಪಂಕ್ ಹಾಕಿದರೆ ತಡವರಿಸುತ್ತದೆ.

90 ಸಾವಿರದಲ್ಲಿ 35ರಿಂದ 40 ಸಾವಿರ ಕಾರ್ಡಿಗೇ ಎತ್ತಿಡಿ. ಉಳಿದ ಸಾಮಾನು ಆಮೇಲೆ. ನೋಡಬೇಕಾದದ್ದು ಆರ್‌ಎಕ್ಸ್ 9060 ಎಕ್ಸ್‌ಟಿ, ಆರ್‌ಟಿಎಕ್ಸ್ 5060, 5060 ಟಿಐ. ಇಲ್ಲಿ ಒಂದು ಗುಂಡಿ ಉಂಟು: 9060 ಎಕ್ಸ್‌ಟಿ ಮತ್ತು 5060 ಟಿಐ ಎರಡೂ 8 ಜಿಬಿ, 16 ಜಿಬಿ ಎಂಬ ಎರಡು ರೂಪದಲ್ಲಿ ಒಂದೇ ಹೆಸರಿನಲ್ಲಿ ಬರುತ್ತವೆ. ಕೊಟೇಶನ್‌ನಲ್ಲಿ ಬರೇ '9060 ಎಕ್ಸ್‌ಟಿ' ಅಂತ ಇದ್ದರೆ ಎಷ್ಟು ಜಿಬಿ ಎಂದು ಬರೆಸಿಕೊಳ್ಳಿ. ಡಬ್ಬದ ಮೇಲೂ ಅದೇ ಅಂಕೆ ಇರಬೇಕು.

8 ಜಿಬಿಗೆ ಎಂತ ತೊಂದರೆ ಅಂದರೆ, ಈಗಿನ ದೊಡ್ಡ ಗೇಮ್‌ಗಳಲ್ಲಿ ಟೆಕ್ಸ್ಚರ್ ಹೈ ಅಥವಾ ಅಲ್ಟ್ರಾ ಇಟ್ಟು ರೇ ಟ್ರೇಸಿಂಗ್ ಹಾಕಿದರೆ 1080ಪಿಯಲ್ಲೇ ಕಾರ್ಡಿನ ಮೆಮೊರಿ ತುಂಬುತ್ತದೆ. ತುಂಬಿದ ಮೇಲೆ ಹೆಚ್ಚಾದದ್ದು ಪಿಸಿಐಇ (ಕಾರ್ಡನ್ನು ಬೋರ್ಡಿಗೆ ಜೋಡಿಸುವ ಸ್ಲಾಟ್) ದಾರಿಯಲ್ಲಿ ಮುಖ್ಯ ರ‍್ಯಾಮಿಗೂ ಕಾರ್ಡಿಗೂ ಹೋಗಿಬರುತ್ತಾ ಇರುತ್ತದೆ. ಆ ದಾರಿ ಕಾರ್ಡಿನ ಸ್ವಂತ ಮೆಮೊರಿಗೆ ಹೋಲಿಸಿದರೆ ತುಂಬಾ ನಿಧಾನ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಚೆನ್ನಾಗಿಯೇ ಕಾಣುತ್ತದೆ, ನಡುನಡುವೆ ಆಟ ಗಕ್ಕನೆ ನಿಲ್ಲುತ್ತದೆ. ಅದಕ್ಕೇ ಯೂಟ್ಯೂಬ್ ಹೋಲಿಕೆಗಳಲ್ಲಿ ಸರಾಸರಿಯ ಪಕ್ಕದ '1% ಲೋ' (ಅತಿ ನಿಧಾನದ 1% ಫ್ರೇಮ್‌ಗಳ ಎಫ್‌ಪಿಎಸ್) ಅಂಕೆಯನ್ನು ನೋಡಬೇಕು. ಸರಾಸರಿ 90, ಲೋ 35 ಇರುವ ಕಾರ್ಡಿಗಿಂತ ಸರಾಸರಿ 80, ಲೋ 62 ಇರುವುದು ಆಡುವವನಿಗೆ ಹಿತ.

ಪ್ರೊಸೆಸರ್ ರೈಜೆನ್ 5 7600 ಸಾಕು. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್ ವರ್ಗ. ಡಬ್ಬದೊಳಗೇ ಕೂಲರ್ ಬರುತ್ತದೆ. 7700ಕ್ಕೂ ಡಬ್ಬದಲ್ಲೇ ಕೂಲರ್ ಕೊಡುತ್ತಾರೆ, ಆದ್ದರಿಂದ ಆ ಲಿಕ್ವಿಡ್ ಕೂಲರ್ ಎರಡಕ್ಕೂ ಅನಗತ್ಯ. ನಿಮ್ಮದು 180 ಹರ್ಟ್ಸ್ ಮಾನಿಟರ್, ಅಂದರೆ ಒಂದು ಫ್ರೇಮ್ 5.6 ಮಿಲಿಸೆಕೆಂಡಿನೊಳಗೆ ತಯಾರಾಗಬೇಕು. ವ್ಯಾಲೊರಂಟ್, ಕೌಂಟರ್ ಸ್ಟ್ರೈಕಿನಲ್ಲಿ ಈ ಭಾರ ಹೆಚ್ಚು ಬೀಳುವುದು ಪ್ರೊಸೆಸರ್ ಮತ್ತು ರ‍್ಯಾಮ್ ಮೇಲೆ, ದೊಡ್ಡ ಗೇಮ್‌ಗಳಲ್ಲಿ ಕಾರ್ಡಿನ ಮೇಲೆ. ಯಾವುದು ತಡೆಯುತ್ತಿದೆ ಎಂದು ತಿಳಿಯಬೇಕಾದರೆ ರೆಸಲ್ಯೂಶನ್ ಇಳಿಸಿ ನೋಡಿ. ಎಫ್‌ಪಿಎಸ್ ಏರಿದರೆ ಕಾರ್ಡ್ ಸೋತಿದೆ, ಅಲ್ಲೇ ನಿಂತರೆ ಪ್ರೊಸೆಸರ್.

ರ‍್ಯಾಮ್ ಒಂದೇ ಸ್ಟಿಕ್ ಹಾಕಿದರೆ ಸಿಂಗಲ್ ಚಾನೆಲ್, ಬ್ಯಾಂಡ್‌ವಿಡ್ತ್ ಅರ್ಧ. ಕೌಂಟರ್ ಸ್ಟ್ರೈಕಿನಲ್ಲಿ ಅದು ಕಣ್ಣಿಗೇ ಕಾಣುತ್ತದೆ. 16 ಜಿಬಿಯ ಎರಡು ಸ್ಟಿಕ್, 6000, ಸಿಎಲ್30, ಎಕ್ಸ್‌ಪೋ ಎಂದು ಬರೆದದ್ದು ಈ ಪ್ರೊಸೆಸರಿಗೆ ಹೇಳಿಮಾಡಿಸಿದ ಜೋಡಿ. ಆದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ. ಎಐ ಸರ್ವರುಗಳಿಗೆ ಮೆಮೊರಿ ಚಿಪ್ ಹೋಗುತ್ತಿರುವುದೇ ಮುಖ್ಯ ಕಾರಣ. ಬಜೆಟ್ ಮುರಿಯುವುದು ಇಲ್ಲೇ.

ಮುರಕಲ್ಲು:

ಕರೆಂಟಿನ ವಿಷಯ ನಾನು ಹೇಳುತ್ತೇನೆ, ನಮ್ಮ ಕಡೆ ಪಿಸಿ ಹಾಳಾಗುವುದು ಹೆಚ್ಚು ಅದರಿಂದಲೇ.

ಮೊದಲು ಎಸ್‌ಎಂಪಿಎಸ್. ಹೆಸರಿಲ್ಲದ 850 ವ್ಯಾಟಿಗಿಂತ ಹೆಸರಿರುವ 550 ಅಥವಾ 650 ವ್ಯಾಟ್ ಎಷ್ಟೋ ವಾಸಿ. ಲೆಕ್ಕ ಹಾಕಿ: 7600 ಪೂರ್ಣ ಭಾರದಲ್ಲಿ 88 ವ್ಯಾಟಿನ ಸುಮಾರು, 9060 ಎಕ್ಸ್‌ಟಿ 16 ಜಿಬಿ 160, ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿ 50. ಒಟ್ಟು 300. ಗೋಡೆಯ ಸಾಕೆಟಿನಿಂದ ಎಳೆಯುವುದು 350ರ ಆಚೀಚೆ. 80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವುದು ಎಷ್ಟು ಕರೆಂಟ್ ಪೋಲಾಗುತ್ತದೆ ಎಂಬುದರ ಅಳತೆ, ಒಳಗಿನ ರಕ್ಷಣೆಯ ಅಳತೆ ಅಲ್ಲ. ಡಬ್ಬದ ಮೇಲೆ ಓವರ್ ಕರೆಂಟ್, ಓವರ್ ವೋಲ್ಟೇಜ್, ಶಾರ್ಟ್ ಸರ್ಕ್ಯೂಟ್, ಓವರ್ ಟೆಂಪರೇಚರ್ ರಕ್ಷಣೆ ಉಂಟಾ ನೋಡಿ. 12 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪ್ ಎಂದು ಪಕ್ಕದ ಸ್ಟಿಕ್ಕರಿನಲ್ಲಿ ಇರುತ್ತದೆ. 650 ವ್ಯಾಟಿನದ್ದರಲ್ಲಿ ಅದು 50ರ ಮೇಲಿರಬೇಕು. 650 ಎಂದು ಬರೆದು 12 ವೋಲ್ಟಿಗೆ 35 ಆಂಪ್ ಮಾತ್ರ ಇದ್ದರೆ ಅದು ಹೆಸರಿಗೆ ಮಾತ್ರ 650.

ಅದೇ ಸ್ಟಿಕ್ಕರಿನಲ್ಲಿ ಇನ್‌ಪುಟ್ 100–240 ವೋಲ್ಟ್ ಎಂದಿದ್ದರೆ ಸಂಜೆಯ 180 ವೋಲ್ಟಿಗೆ ಹೆದರಬೇಡಿ, ಬೇರೆ ಸ್ಟೆಬಿಲೈಸರ್ ಬೇಡ. 200–240 ಎಂದಿದ್ದರೆ ನಿಮ್ಮ ಮನೆಗೆ ಅದು ಆಗದು. ಹಿಂದೆ 115/230ರ ಕೆಂಪು ಸ್ವಿಚ್ ಇದ್ದರೆ ಅದು ಹಳೆಯ ಕಾಲದ ಡಿಸೈನ್, ಆ್ಯಕ್ಟಿವ್ ಪಿಎಫ್‌ಸಿ ಇರುವುದಿಲ್ಲ.

ಇನ್ವರ್ಟರ್ ಬಗ್ಗೆ: 350 ವ್ಯಾಟ್ ಹೊರುವುದು 900 ವಿಎಗೆ ಭಾರ ಅಲ್ಲ, ಮಾನಿಟರ್ ಸೇರಿದರೂ. ತೊಂದರೆ ಇರುವುದು ಎರಡು ಕಡೆ. ಒಂದು, ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವ ಹೊತ್ತು. ಪೂರ್ಣ ಭಾರದಲ್ಲಿ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನ ಬಲದಲ್ಲಿ 16–17 ಮಿಲಿಸೆಕೆಂಡ್ ತಡೆದುಕೊಳ್ಳಬೇಕು ಎಂಬುದು ಎಟಿಎಕ್ಸ್ (ಪಿಸಿ ಪವರ್ ಸಪ್ಲೈಯ ಮಾನದಂಡ) ಲೆಕ್ಕ. ಮನೆಯ ಇನ್ವರ್ಟರಿನ ಹಿಂದೆ ಅಥವಾ ಮುಂದೆ 'ಯುಪಿಎಸ್ / ನಾರ್ಮಲ್' ಎಂಬ ಸ್ವಿಚ್ ಇರುತ್ತದೆ, ಕೆಲವದರಲ್ಲಿ 'ನಾರ್ಮಲ್' ಬದಲು 'ಇಕೊ' ಎಂದಿರುತ್ತದೆ. ನಾರ್ಮಲ್‌ನಲ್ಲಿ ಬದಲಾವಣೆ ನಿಧಾನ, ಪಿಸಿ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಮೋಡಿಗೆ ಹಾಕಿದರೆ ಬೇಗ ಬದಲಾಗುತ್ತದೆ, ಆದರೆ ಆ ಮೋಡಿನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೂ ಬ್ಯಾಟರಿಗೆ ಹಾರುತ್ತದೆ. ನಿಮ್ಮಲ್ಲಿ ದಿನಾ ಸಂಜೆ 180 ಅಂದರೆ ಬ್ಯಾಟರಿ ದಿನಾ ಸಂಜೆ ಖಾಲಿ, ಲೈಟು ಫ್ಯಾನಿಗೂ ಇಲ್ಲ. ಎರಡನೆಯದು ಅಲೆಯ ಆಕಾರ. ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ (ಫ್ಯಾನ್ ಗುಂಯ್‌ಗುಡುತ್ತದಲ್ಲ, ಅದು) ಗೇಮಿಂಗ್ ಪಿಸಿ ಹಾಕಬೇಡಿ.

ಹಾಗಾಗಿ ಬೇರೆ ಯುಪಿಎಸ್ ತೆಗೆದುಕೊಳ್ಳಿ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್, ನಿಮಗೆ ಅದು ಅಂಚಿನಲ್ಲಿ. ಗೇಮ್ ನಡುವೆ ಕರೆಂಟ್ ಹೋದರೆ ಬೀಪ್ ಎಂದು ಎಲ್ಲ ಆಫ್. 1000 ಅಥವಾ 1100 ವಿಎ, 600 ವ್ಯಾಟ್ ಎಂದು ಸ್ಪಷ್ಟ ಬರೆದಿರುವ, ಎವಿಆರ್ ಇರುವ ಲೈನ್ ಇಂಟರಾಕ್ಟಿವ್ ಯುಪಿಎಸ್ ಬೇಕು. ಎವಿಆರ್ ಅಂದರೆ ವೋಲ್ಟೇಜ್ ಇಳಿದಾಗ ಬ್ಯಾಟರಿ ಮುಟ್ಟದೆ ಒಳಗಿನ ಟ್ರಾನ್ಸ್‌ಫಾರ್ಮರಿನಿಂದಲೇ ಎತ್ತಿಕೊಡುತ್ತದೆ. ಯುಪಿಎಸ್ಸನ್ನು ಇನ್ವರ್ಟರ್ ಲೈನಿಗೆ ಸಿಕ್ಕಿಸಬೇಡಿ, ನೇರ ಲೈನಿನ ಸಾಕೆಟ್ಟೇ ಬೇಕು. ಅದು ಕೊಡುವ ಕೆಲವು ನಿಮಿಷ ಸೇವ್ ಮಾಡಿ ಆಫ್ ಮಾಡಲಿಕ್ಕೆ.

ಅರ್ತಿಂಗ್ ಪರೀಕ್ಷೆ ಮಾಡದೆ ಇದ್ಯಾವುದನ್ನೂ ಖರೀದಿಸಬೇಡಿ. ಕ್ಯಾಬಿನೆಟ್ಟಿನ ಸ್ಕ್ರೂ ಮುಟ್ಟಿದಾಗ ಬೆರಳು ಜುಂ ಎಂದರೆ ಅರ್ತ್ ಇಲ್ಲ ಎಂದೇ ಲೆಕ್ಕ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಫೇಸಿಗೂ ಅರ್ತಿಗೂ ನಡುವೆ, ನ್ಯೂಟ್ರಲಿಗೂ ಅರ್ತಿಗೂ ನಡುವೆ ಕೂತಿರುತ್ತವೆ, ಅರ್ತ್ ತಂತಿ ಕಡಿದಿದ್ದರೆ ಇಡೀ ಕ್ಯಾಬಿನೆಟ್ಟಿಗೆ ಲೈನಿನ ಅರ್ಧ, ಅಂದರೆ 110 ವೋಲ್ಟಿನಷ್ಟು ಬರುತ್ತದೆ. ಕರೆಂಟಿನ ಪ್ರಮಾಣ ಕಡಿಮೆ, ಆದರೂ ಎಚ್‌ಡಿಎಂಐ ಕೇಬಲ್ ಸಿಕ್ಕಿಸುವಾಗ ಪೋರ್ಟ್ ಸುಡಲಿಕ್ಕೆ ಅಷ್ಟು ಸಾಕು. ಎಲೆಕ್ಟ್ರಿಶಿಯನ್ ಹತ್ತಿರ ಮಲ್ಟಿಮೀಟರಿನಲ್ಲಿ ನೋಡಿಸಿ: ಫೇಸ್–ಅರ್ತ್ ಹೆಚ್ಚುಕಡಿಮೆ ಫೇಸ್–ನ್ಯೂಟ್ರಲ್‌ನಷ್ಟೇ ಇರಬೇಕು, ನ್ಯೂಟ್ರಲ್–ಅರ್ತ್ 2–3 ವೋಲ್ಟಿನೊಳಗೆ. ಮುರಕಲ್ಲಿನ ಗುಡ್ಡೆಯಲ್ಲಿ ಮನೆ ಇದ್ದರೆ ಬೇಸಗೆಯಲ್ಲಿ ಅರ್ತ್ ಗುಂಡಿ ಒಣಗಿ ಪ್ರತಿರೋಧ ಏರುತ್ತದೆ. ಮಾರ್ಚಿನಿಂದ ಮೇ ತನಕ ಆಗಾಗ ನೀರು ಹೊಯ್ಯಬೇಕು.

ಸಿಡಿಲಿಗೆ ಸ್ಪೈಕ್ ಗಾರ್ಡ್ ನಂಬಬೇಡಿ. ಏಪ್ರಿಲ್–ಮೇ ಮತ್ತು ತುಲಾ ತಿಂಗಳಿನ (ಅಕ್ಟೋಬರ್–ನವೆಂಬರ್) ಮಧ್ಯಾಹ್ನದ ಗುಡುಗಿಗೆ ಪ್ಲಗ್ ಕಿತ್ತಿಡುವುದೇ ದಾರಿ. ರೂಟರಿನಿಂದ ಪಿಸಿಗೆ ಬರುವ ಲ್ಯಾನ್ ಕೇಬಲನ್ನೂ ಕೀಳಿ. ಫೈಬರ್ ಕೇಬಲಿನ ಗಾಜಿನಲ್ಲಿ ಸಿಡಿಲು ಬರುವುದಿಲ್ಲ, ರೂಟರಿನ ಅಡಾಪ್ಟರಿನಿಂದ ಲ್ಯಾನ್ ತಂತಿ ಹಿಡಿದು ಬೋರ್ಡಿಗೆ ಬರುತ್ತದೆ. ಲ್ಯಾನ್ ಪೋರ್ಟ್ ಮಾತ್ರ ಸತ್ತ ಬೋರ್ಡುಗಳಲ್ಲಿ ಹೆಚ್ಚಿನವು ಹೀಗೆ ಹೋದವು.

ಅಡಿಕೆಸೋಗೆ:

ಇಬ್ಬರಿಗೂ ಉಪಕಾರ. ಅಂಗಡಿಯವರು ಯುಪಿಎಸ್ ಸುದ್ದಿಯೇ ಎತ್ತಿರಲಿಲ್ಲ. ಪಯಸ್ವಿನಿಯಣ್ಣ ಹೇಳಿದ ಹಾಗೆ 7600, 6000ದ ರ‍್ಯಾಮ್, 16 ಜಿಬಿ ಕಾರ್ಡ್, 650 ವ್ಯಾಟ್ ಹಾಕಿ ಕೇಳಿದೆ. ಯುಪಿಎಸ್ ಸೇರಿದರೆ ಲಕ್ಷ ದಾಟುತ್ತದೆ.

ಹೇಳಲು ಬಿಟ್ಟದ್ದು ಒಂದು: ಚಿಕ್ಕಪ್ಪನ ಹಳೆಯ ಡೆಸ್ಕ್‌ಟಾಪ್ ಮನೆಯಲ್ಲಿ ಉಂಟು, ಅದರಲ್ಲಿ 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್. ಅದು ಉಪಯೋಗಕ್ಕೆ ಬರುತ್ತದಾ?

ಪಯಸ್ವಿನಿ77:

ಅದನ್ನು ಮೊದಲೇ ಹೇಳಬಾರದಾ ಮಾರಾಯರೆ! ಲೆಕ್ಕವೇ ಬದಲಾಯಿತು.

ಆ ಸ್ಟಿಕ್ ಎಷ್ಟರದ್ದು ನೋಡಿ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿ ಒತ್ತಿದರೆ ವೇಗ ಮತ್ತು ಎಷ್ಟು ಸ್ಲಾಟ್ ತುಂಬಿದೆ ಎಂದು ಬರುತ್ತದೆ. ಅಲ್ಲಿ ತೋರಿಸುವುದು ಈಗ ಓಡುತ್ತಿರುವ ವೇಗ, ಸ್ಟಿಕ್ಕಿನ ಸಾಮರ್ಥ್ಯ ಅದಕ್ಕಿಂತ ಹೆಚ್ಚಿರಬಹುದು. ಹಾಗಾಗಿ ಲೇಬಲನ್ನೂ ಓದಿ. ಪಿಸಿ4-25600 ಎಂದಿದ್ದರೆ 3200, ಪಿಸಿ4-21300 ಎಂದಿದ್ದರೆ 2666. 3200 ಆದರೆ ಕಣ್ಣು ಮುಚ್ಚಿ ಉಪಯೋಗಿಸಿ. 2666 ಆದರೆ ಓಡುತ್ತದೆ, ಕೌಂಟರ್ ಸ್ಟ್ರೈಕಿನಲ್ಲಿ ಸ್ವಲ್ಪ ಕಳೆದುಕೊಳ್ಳುತ್ತೀರಿ.

ಆಗ ಎಎಂ4 ಸಾಕೆಟಿಗೆ ಇಳಿಯಿರಿ, ಡಿಡಿಆರ್4 ಕೂರುವುದು ಅದರ ಬೋರ್ಡಿನಲ್ಲಿ; 7600 ಕೂರುವ ಎಎಂ5 ಬೋರ್ಡಿಗೆ ಡಿಡಿಆರ್5 ಮಾತ್ರ. ಬಿ550 ಬೋರ್ಡ್, ರೈಜೆನ್ 5 5600. ಅಕ್ಷರ ನೋಡಿ ತೆಗೆದುಕೊಳ್ಳಿ: 5600ಜಿ ಬೇಡ. ಅದರಲ್ಲಿ ಒಳಗೇ ಗ್ರಾಫಿಕ್ಸ್ ಉಂಟು ನಿಜ, ಆದರೆ ಎಲ್3 ಕ್ಯಾಶ್ 16 ಎಂಬಿ ಮಾತ್ರ, 5600ರಲ್ಲಿ 32. ಗೇಮಿಗೆ ಕ್ಯಾಶ್ ಮುಖ್ಯ. 'ಜಿ' ಹಾಕಿದರೆ ಬಿ550 ಬೋರ್ಡಿನಲ್ಲೂ ಪಿಸಿಐಇ 3.0ಕ್ಕೇ ಸೀಮಿತ. ಎ520, ಬಿ450 ಬೋರ್ಡ್ ಕಡಿಮೆಗೆ ಸಿಗುತ್ತದೆ, ಅದೂ 3.0.

ಈ 3.0, 4.0 ಯಾಕೆ ಅಂದರೆ: 5060 ಮತ್ತು 5060 ಟಿಐ ಎಂಟು ಲೇನ್ ಮಾತ್ರ ಉಪಯೋಗಿಸುತ್ತವೆ. 3.0 ಬೋರ್ಡಿನಲ್ಲಿ ಎಂಟು ಲೇನ್ ಅಂದರೆ ಸೆಕೆಂಡಿಗೆ ಸುಮಾರು 8 ಜಿಬಿ, 4.0ರಲ್ಲಿ 16. ಮೆಮೊರಿ ತುಂಬಿದಾಗ ಹೋಗಿಬರುವ ದಾರಿ ಇದೇ ತಾನೇ, 8 ಜಿಬಿ ಕಾರ್ಡಿಗೆ ಎರಡು ಕಡೆಯಿಂದಲೂ ಪೆಟ್ಟು. 9060 ಎಕ್ಸ್‌ಟಿ ಹದಿನಾರು ಲೇನಿನದು, ಜೊತೆಗೆ 16 ಜಿಬಿ ರೂಪ ಉಂಟು. ನಿಮ್ಮ ಜೋಡಣೆಗೆ ಅದೇ ಸರಿ. ರ‍್ಯಾಮಿನಲ್ಲಿ, ಬೋರ್ಡಿನಲ್ಲಿ, ಪ್ರೊಸೆಸರಿನಲ್ಲಿ ಉಳಿದದ್ದನ್ನು ಕಾರ್ಡಿಗೂ ಯುಪಿಎಸ್ಸಿಗೂ ಹಾಕಿ. 5600 ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಚಿತ್ರ ಬರುವುದಿಲ್ಲ ಎಂಬುದು ನೆನಪಿರಲಿ.

ಎಸ್‌ಎಸ್‌ಡಿ: 500 ಜಿಬಿ ಜೊತೆ ಹಾರ್ಡ್‌ಡಿಸ್ಕ್ ಬೇಡ, ಒಂದೇ 1 ಟಿಬಿ ಎನ್‌ವಿಎಂಇ ಹಾಕಿ. ದೊಡ್ಡ ಗೇಮ್ ಒಂದೊಂದೇ 100 ಜಿಬಿ ದಾಟುತ್ತದೆ, ಸೈಬರ್‌ಪಂಕ್ ಈಗ ಎಸ್‌ಎಸ್‌ಡಿಯನ್ನೇ ಕೇಳುತ್ತದೆ. ಅದರ ಮೆಮೊರಿ ಚಿಪ್ ಟಿಎಲ್‌ಸಿ ಥರದ್ದಾದರೆ ಒಳ್ಳೆಯದು. ಕ್ಯೂಎಲ್‌ಸಿ ಆದರೆ ಅರ್ಧಕ್ಕಿಂತ ಹೆಚ್ಚು ತುಂಬಿದ ಮೇಲೆ ದೊಡ್ಡ ಫೈಲ್ ಕಾಪಿ ಮಾಡುವಾಗ ಆಮೆ.

ಶಿರಿಯಹೊಳೆ:

ಎಎಂ4 ಸಲಹೆಗೆ ನನ್ನದೊಂದು ತಕರಾರು. ಆ ಸಾಕೆಟಿಗೆ ಮುಂದೆ ದಾರಿ ಇಲ್ಲ. ಎಎಂ5ಕ್ಕೆ 2027ರ ತನಕವಾದರೂ ಹೊಸ ಪ್ರೊಸೆಸರ್ ಬರುತ್ತದೆ ಎಂದು ಎಎಂಡಿಯೇ ಹೇಳಿದೆ. ಎರಡು ವರ್ಷದಲ್ಲಿ ಪ್ರೊಸೆಸರ್ ಬದಲಿಸುವ ಜನ ಆಗಿದ್ದರೆ ಈಗಲೇ ಎಎಂ5. ಐದು ವರ್ಷ ಮುಟ್ಟದೆ ಇಡುವವರಾದರೆ ಪಯಸ್ವಿನಿ ಹೇಳಿದ್ದೇ ಲಾಭ. 5600ರಲ್ಲಿ ವ್ಯಾಲೊರಂಟ್ 180 ಆರಾಮ. ಕೌಂಟರ್ ಸ್ಟ್ರೈಕ್ 2ರಲ್ಲಿ ಹೊಗೆ, ಬೆಂಕಿ ಒಟ್ಟಿಗೆ ಬಿದ್ದಾಗ 180ರ ಕೆಳಗೆ ಇಳಿಯುತ್ತದೆ, ಅಷ್ಟು ಗೊತ್ತಿದ್ದು ತೆಗೆದುಕೊಳ್ಳಿ.

ಕ್ಯಾಬಿನೆಟ್: ಮುಂದೆ ಗಾಜು ಇದ್ದರೆ ಗಾಳಿ ಬರುವುದು ಬದಿಯ ಸಣ್ಣ ಸೀಳಿನಿಂದ. ಎಸಿ ಇಲ್ಲದ ಕೋಣೆ ಇಲ್ಲಿ ಬೇಸಗೆಯಲ್ಲಿ 33–34 ಡಿಗ್ರಿ, ಅದರ ಮೇಲೆ ಕ್ಯಾಬಿನೆಟ್ ಒಳಗೆ ಹತ್ತು ಡಿಗ್ರಿ. ಮುಂದೆ ಜಾಲರಿ ಇರುವುದು ತೆಗೆದುಕೊಳ್ಳಿ. ಮುಂದಿನಿಂದ ಒಳಗೆ ಎರಡು ಫ್ಯಾನ್, ಹಿಂದಿನಿಂದ ಹೊರಗೆ ಒಂದು. ಒಳಗೆ ಬರುವುದು ಹೆಚ್ಚಿದ್ದರೆ ಸಂದುಗಳಿಂದ ಧೂಳು ಎಳೆಯುವುದಿಲ್ಲ. ಕಾರ್ಡ್ ಇಲ್ಲದ ಸ್ಲಾಟುಗಳ ಹಿಂದಿನ ಪಟ್ಟಿಯನ್ನು ಕಿತ್ತು ಎಸೆಯಬೇಡಿ, ಹಲ್ಲಿ ಒಳಗೆ ಹೋಗುವುದು ಅಲ್ಲಿಂದಲೇ. ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ, ಒಳಗಿನ ಬಿಸಿಗೆ ತೇವ ಆರುತ್ತದೆ. ವಾರಗಟ್ಟಲೆ ಆಫ್ ಇದ್ದ ಪಿಸಿಯ ರ‍್ಯಾಮ್ ಸ್ಲಾಟಿನಲ್ಲಿ ತೇವ ಹಿಡಿದು ಚಿತ್ರ ಬಾರದಿದ್ದರೆ, ಸ್ಟಿಕ್ ತೆಗೆದು ಬಂಗಾರದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ ಮತ್ತೆ ಹಾಕಿದರೆ ಹೆಚ್ಚಾಗಿ ಸರಿಯಾಗುತ್ತದೆ.

ಜೋಡಿಸುವಾಗ ಜನ ಎಡವುವ ಜಾಗ ಕೆಲವು. ಪ್ರೊಸೆಸರಿನ ಪವರ್ ಕೇಬಲ್ 4+4 ಪಿನ್, ಕಾರ್ಡಿನದು 6+2. ಎರಡೂ ಎಂಟು ಪಿನ್ನೇ, ಒಳಗಿನ ವೈರಿಂಗ್ ಬೇರೆ. ಒತ್ತಾಯ ಮಾಡಿ ತುರುಕಬೇಡಿ. ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಹಳೆಯ ಎಸ್‌ಎಂಪಿಎಸ್ಸಿನ ಕೇಬಲ್ ಹಾಕಲೇಬೇಡಿ: ತುದಿ ಕೂತರೂ ಆಚೆ ಬದಿಯ ಪಿನ್ ಜೋಡಣೆ ಒಂದೊಂದು ಕಂಪನಿಯದ್ದು ಒಂದೊಂದು ಥರ, ಎಸ್‌ಎಸ್‌ಡಿಗೆ 5 ವೋಲ್ಟಿನ ಜಾಗದಲ್ಲಿ 12 ಹೋಗಿ ಸುಡುತ್ತದೆ. ರ‍್ಯಾಮ್ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ. ಕ್ಲಿಪ್ ಟಕ್ ಎನ್ನಬೇಕು. ಡಬ್ಬದ ಕೂಲರ್ ಕೂರಿಸುವ ಮೊದಲು ಬೋರ್ಡಿನ ಎರಡು ಪ್ಲಾಸ್ಟಿಕ್ ಬ್ರಾಕೆಟ್ ಬಿಚ್ಚಬೇಕು. ಎಎಂ4ರಲ್ಲಿ ಬಿಚ್ಚಿದ ಕೂಡಲೇ ಹಿಂದಿನ ಲೋಹದ ಪ್ಲೇಟ್ ಬೀಳುತ್ತದೆ, ಕೈಯಲ್ಲಿ ಹಿಡಿದುಕೊಳ್ಳಿ. ನಾಲ್ಕು ಸ್ಕ್ರೂವನ್ನು ಎದುರೆದುರು ಮೂಲೆ ಹಿಡಿದು ಎರಡೆರಡು ಸುತ್ತು ಬಿಗಿಸಿ.

ಆನ್ ಮಾಡಿ ಚಿತ್ರ ಬಾರದಿದ್ದರೆ ಮೊದಲು ನೋಡಬೇಕಾದ್ದು ಮಾನಿಟರ್ ಕೇಬಲ್ ಬೋರ್ಡಿಗೆ ಹಾಕಿದ್ದೀರಾ, ಕಾರ್ಡಿಗೆ ಹಾಕಿದ್ದೀರಾ ಎಂದು. ಕಾರ್ಡಿಗೇ ಹಾಕಬೇಕು. ಮುಂದೆ ಯಾರಾದರೂ ಎಎಂ5 ಕಟ್ಟಿದರೆ, ಮೊದಲ ಸಲ ಮೆಮೊರಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ಕಪ್ಪು ಪರದೆಯೇ ಇರುತ್ತದೆ. ಕೆಟ್ಟಿತು ಎಂದು ಸ್ವಿಚ್ ಆಫ್ ಮಾಡಬಾರದು.

ಬಯೋಸಿನಲ್ಲಿ ಎಕ್ಸ್‌ಎಂಪಿ (ರ‍್ಯಾಮಿನ ಪೂರ್ಣ ವೇಗದ ಪ್ರೊಫೈಲ್), ಬೋರ್ಡ್ ಪ್ರಕಾರ ಡಿಒಸಿಪಿ ಎಂದೂ ಇರುತ್ತದೆ, ಆನ್ ಮಾಡಿ. ಸ್ಟಿಕ್ಕಿನಲ್ಲಿ ಆ ಪ್ರೊಫೈಲ್ ಇದ್ದೂ ಆನ್ ಮಾಡದಿದ್ದರೆ ರ‍್ಯಾಮ್ 2133ಕ್ಕೋ 2400ಕ್ಕೋ ಓಡಬಹುದು. ರೀಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿ ಪ್ರೊಸೆಸರಿಗೆ ಒಮ್ಮೆಗೇ ಸಿಗುವ ಸೆಟ್ಟಿಂಗ್) ಕೂಡ ಆನ್ ಇರಲಿ. ವಿಂಡೋಸ್ 11ರಲ್ಲಿ ವ್ಯಾಲೊರಂಟಿಗೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಬೇಕು. ಬಯೋಸಿನಲ್ಲಿ ಎಫ್‌ಟಿಪಿಎಂ (ಪ್ರೊಸೆಸರಿನೊಳಗಿನ ಟಿಪಿಎಂ) ಆನ್ ಮಾಡಿ, ಸಿಎಸ್‌ಎಂ (ಹಳೆಯ ಬೂಟ್ ವಿಧಾನ) ಆಫ್ ಮಾಡಿ, ಆಮೇಲೆ ವಿಂಡೋಸ್ ಹಾಕಿ. ಹಾಕಿದ ಮೇಲೆ ಬದಲಿಸಹೋದರೆ ಬೂಟ್ ಆಗದೆ ಕೂರುವುದುಂಟು. ವಿಂಡೋಸ್ 10 ಹಾಕಿಕೊಡುತ್ತೇವೆ ಎಂದರೆ ಬೇಡ ಅನ್ನಿ, ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಅಡಿಕೆಸೋಗೆ:

ಲೇಬಲ್ ನೋಡಿದೆ, ಪಿಸಿ4-25600. ಎರಡೂ ಒಂದೇ ಕಂಪನಿಯದು. ಹಾಗಾದರೆ 5600, ಬಿ550, 9060 ಎಕ್ಸ್‌ಟಿ 16 ಜಿಬಿ, 1 ಟಿಬಿ, 650 ವ್ಯಾಟ್ ಬ್ರಾಂಜ್, ಜಾಲರಿ ಕ್ಯಾಬಿನೆಟ್, 1100 ವಿಎ ಯುಪಿಎಸ್. ಕೊನೆಯದಾಗಿ, ಆನ್‌ಲೈನಾ ಮಂಗಳೂರಾ?

ಮುರಕಲ್ಲು:

ಯುಪಿಎಸ್, ಕ್ಯಾಬಿನೆಟ್ ಮಂಗಳೂರಿನಲ್ಲೇ ತೆಗೆದುಕೊಳ್ಳಿ. ಯುಪಿಎಸ್ ಭಾರ, ಬ್ಯಾಟರಿ ಕೆಟ್ಟಾಗ ಕೊರಿಯರ್ ಮಾಡುವುದು ತಲೆನೋವು. ಗಾಜಿನ ಬದಿಯ ಕ್ಯಾಬಿನೆಟ್ ಕೊರಿಯರಿನಲ್ಲಿ ಒಡೆದು ಬರುತ್ತದೆ. ಕಾರ್ಡ್, ಪ್ರೊಸೆಸರ್, ಎಸ್‌ಎಸ್‌ಡಿ ಎಲ್ಲಿ ಕಡಿಮೆಯೋ ಅಲ್ಲಿ. ಪ್ರೊಸೆಸರ್ ಡಬ್ಬದ ಸಮೇತ ಬೇಕು. 'ಟ್ರೇ' ಎಂದಿದ್ದರೆ ಕೂಲರೂ ಇಲ್ಲ, ಎಎಂಡಿಯ ಮೂರು ವರ್ಷದ ವಾರಂಟಿಯೂ ಇಲ್ಲ.

ದರ ಹೋಲಿಸುವಾಗ 18% ಜಿಎಸ್‌ಟಿ ಸೇರಿದ ದರವನ್ನೇ ಹೋಲಿಸಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಡಬ್ಬದ್ದೂ ಕಾರ್ಡಿನ ಹಿಂದಿನದ್ದೂ ಒಂದೇ ಇದೆಯಾ ಅಂಗಡಿಯಲ್ಲೇ ನೋಡಿ. ಆನ್‌ಲೈನ್ ಆದರೆ ಡಬ್ಬದ ಟೇಪ್ ಕತ್ತರಿಸುವ ಮೊದಲಿನಿಂದ ವಿಡಿಯೊ, ನಡುವೆ ನಿಲ್ಲಿಸದೆ. ವಾರಂಟಿಗೆ ಕಾರ್ಡ್ ಕಳಿಸಬೇಕಾದ ಸರ್ವಿಸ್ ಸೆಂಟರ್ ಯಾವ ಊರಿನಲ್ಲಿದೆ ಎಂದು ಆ ಬ್ರಾಂಡಿನ ಸೈಟಿನಲ್ಲಿ ಮೊದಲೇ ನೋಡಿಕೊಂಡು ಬ್ರಾಂಡ್ ಆರಿಸಿ. 9060 ಎಕ್ಸ್‌ಟಿ ಹತ್ತು ಕಂಪನಿ ಮಾಡಿದರೂ ಚಿಪ್ ಒಂದೇ, ವೇಗದಲ್ಲಿ ವ್ಯತ್ಯಾಸ ಅತ್ಯಲ್ಪ. ಎರಡು ಫ್ಯಾನಿನದು ಸಾಕು, ಕ್ಯಾಬಿನೆಟ್ಟಿನಲ್ಲಿ ಹಿಡಿಸುತ್ತದಾ ಎಂದು ಎಂಎಂ ಲೆಕ್ಕ ನೋಡಿ. ಚಿಕ್ಕಪ್ಪನ ಹಳೆಯ ಡೆಸ್ಕ್‌ಟಾಪಿನ ಎಸ್‌ಎಂಪಿಎಸ್ ಮಾತ್ರ ಇದಕ್ಕೆ ಹಾಕಲಿಕ್ಕೆ ಹೋಗಬೇಡಿ.